ಹೋರಾಟದ ಸಭೆಯಲ್ಲಿ ಕಲಿಕೆಗೂ ಒಂದು ಗಂಟೆ ಇರಲಿ

ಮಾನ್ಯರೇ,

ನಂದಿಕೂರಿನಲ್ಲಿ 1990ರ ದಶಕದಲ್ಲಿ ನಡೆದ, ಕೋಜೆಂಟ್ರಿಕ್ಸ್ ಕಂಪನಿಯ ಉಷ್ಣ ವಿದ್ಯುತ್ ಯೋಜನೆ ವಿರೋಧಿ ಹೋರಾಟದಂಥ ಚಳವಳಿಗಳೇ ಕರಾವಳಿಯ ಎಷ್ಟೋ ಕೃಷಿಕರಿಗೆ, ಮೀನುಗಾರರಿಗೆ ಪರಿಸರದ ಪಾಠಶಾಲೆ. ಉಡುಪಿ, ಮಂಗಳೂರಿನ ಹೋರಾಟ ಸಮಿತಿಗಳು ಪ್ರತಿ ಸಭೆಯಲ್ಲೂ ಭಾಷಣ ಕಡಿಮೆ ಮಾಡಿ ಒಂದು ಗಂಟೆ ಕಲಿಕೆಗೆ ಮೀಸಲಿಡಬೇಕು.

ಬಾವಿಗೆ ಉಪ್ಪು ನುಗ್ಗಿದೆ ಎಂಬ ದೂರನ್ನೇ ನೋಡಿ. ಪರೀಕ್ಷೆಗೆ ನೀರಿನ ಮಾದರಿ ತೆಗೆಯುವಲ್ಲೇ ಅದು ಸೋಲುತ್ತದೆ. ಮಳೆ ಬಿದ್ದ ಮೇಲೆ ತೆಗೆದ ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ತಗ್ಗಿರುತ್ತದೆ. ಮಳೆಗಾಲಕ್ಕೆ ಮೊದಲೇ, ಒಂದು ಲೀಟರಿನ ಶುದ್ಧ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು, ಮೇಲ್ಮೈಯಿಂದ ಒಂದಡಿ ಕೆಳಗಿನ ನೀರು ತುಂಬಿ, ದಿನಾಂಕ, ಸರ್ವೆ ನಂಬರ್ ಬರೆದ ಚೀಟಿ ಅಂಟಿಸಬೇಕು. ಮರುವರ್ಷ ಅದೇ ತಿಂಗಳು, ಅದೇ ಬಾವಿ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ ಅವಕಾಶವಿದೆ. ಈ ಎರಡನೇ ಅಂಕಿ ತಿಳಿಯದೆ ವಾದಕ್ಕಿಳಿದರೆ ಅಧಿಕಾರಿಯ ಮುಂದೆ ಮಾತು ಕಟ್ಟುತ್ತದೆ.

ಕೇಂದ್ರ ಸರ್ಕಾರದ 2006ರ ಪರಿಸರ ಅಧಿಸೂಚನೆಯಂತೆ, ಯೋಜನೆಯ ಬಗ್ಗೆ ಊರವರ ಅಭಿಪ್ರಾಯ ಕೇಳುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು, ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಆ ದಿನಗಳೆಲ್ಲ ಬ್ಯಾನರ್ ಬರೆಸುವುದರಲ್ಲೇ ಕಳೆಯುವುದು ನಿಜಕ್ಕೂ ಬೇಸರದ ಸಂಗತಿ. ಸಾರಾಂಶವನ್ನು ಊರವರಿಂದಲೇ ಗಟ್ಟಿಯಾಗಿ ಓದಿಸಿ, ನೀರು ಎಲ್ಲಿಂದ, ತ್ಯಾಜ್ಯ ಎಲ್ಲಿಗೆ ಎಂದು ಹೇಳುವ ಸಾಲುಗಳಿಗೆ ಅಡಿಗೆರೆ ಎಳೆಸಿ. ಲಿಖಿತ ಆಕ್ಷೇಪಕ್ಕೆ ಸ್ವೀಕೃತಿ ಪಡೆಯಿರಿ. ಸಭೆಯ ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕೆಂಬ ನಿಯಮವಿದೆ. ಅದಕ್ಕೆ ಮೊದಲೇ ಸಭಾತ್ಯಾಗ ಮಾಡಿದರೆ ಬಿಟ್ಟುಹೋದ ಆಕ್ಷೇಪಗಳನ್ನು ಅಲ್ಲೇ ಸೇರಿಸಿ ಎನ್ನಲು ಯಾರೂ ಉಳಿದಿರುವುದಿಲ್ಲ.

– ಪರಿಸರಾಸಕ್ತರು, ಉಡುಪಿ