ಪಹಣಿಯಲ್ಲಿ ಹೆಸರಿಲ್ಲದವರೂ ಲೆಕ್ಕಕ್ಕೆ ಬರಲಿ

ಮಾನ್ಯರೇ,

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಜಮೀನು ವಶಪಡಿಸಿಕೊಳ್ಳುವುದಕ್ಕಿಂತ ಪಾವಗಡದ ಸೋಲಾರ್ ಪಾರ್ಕ್‌ಗೆ ಮಾಡಿದಂತೆ ಗುತ್ತಿಗೆಗೆ ಪಡೆಯುವುದೇ ಮೇಲೆಂದು ಅನೇಕರಿಗೆ ಅನ್ನಿಸುವುದು ಸಹಜ. ನನಗೂ ಅದರಲ್ಲಿ ಅನುಮಾನವಿಲ್ಲ. ಆದರೆ ಆ ಗುತ್ತಿಗೆಯ ಲೆಕ್ಕದಿಂದ ಯಾರು ಹೊರಗುಳಿದರು ಎಂಬುದನ್ನು ನೋಡದೆ ಅದನ್ನೇ ಎಲ್ಲೆಡೆ ಅನ್ವಯಿಸುವುದು ಸರಿಯಲ್ಲ.

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ, 28 ವರ್ಷಗಳ ಅವಧಿ ಎಂಬುದು ರೈತರೊಂದಿಗೆ ಆದ ಕರಾರು. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಕಡಲೆಕಾಯಿ ಬಿತ್ತಿದ ಖರ್ಚೂ ಹುಟ್ಟದೆ ಜನ ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಹತ್ತು ಎಕರೆ ಉಳ್ಳವರಿಗೆ ಆರಂಭದಲ್ಲೇ ವರ್ಷಕ್ಕೆ 2.10 ಲಕ್ಷ ರೂಪಾಯಿಯ ಖಾತ್ರಿ ಆದಾಯವಾಯಿತು, ಒಡೆತನವೂ ಉಳಿಯಿತು. ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ, ಕೋರಿಗೆ (ಬೆಳೆಯ ಪಾಲಿಗೆ) ಉಳುತ್ತಿದ್ದವರಿಗೆ, ಕೊಯ್ಲಾದ ಮೇಲೆ ಕುರಿ ಬಿಡುತ್ತಿದ್ದವರಿಗೆ ಆ ಹಣದಲ್ಲಿ ಬಿಡಿಗಾಸಿನ ಹಕ್ಕೂ ಇಲ್ಲ. ಬೇಲಿ ಬಿದ್ದ ಮೇಲೆ ಕುರಿಗಾಹಿ ಮೇವಿಗಾಗಿ ಸುತ್ತು ಬಳಸಿ ಅಲೆಯಬೇಕು, ಇಲ್ಲವೇ ಮಂದೆಯನ್ನೇ ಮಾರಬೇಕು. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿರುವುದು ನಿಜ. ಆದರೆ ಒಂದು ಸುಗ್ಗಿಗೆ ಬೇಕಾಗುತ್ತಿದ್ದ ಕೈಗಳೆಷ್ಟು, ಇದಕ್ಕೆ ಬೇಕಾದ ಕೈಗಳೆಷ್ಟು?

ವಿಚಿತ್ರವೆಂದರೆ, 2013ರ ಭೂಸ್ವಾಧೀನ ಕಾಯ್ದೆಯು ತುಂಡು ಜಮೀನಿಲ್ಲದಿದ್ದರೂ ಆ ಪ್ರದೇಶದಲ್ಲಿ ಹಿಂದಿನ ಮೂರು ವರ್ಷ ದುಡಿದು ಬದುಕಿದ ಕೃಷಿ ಕೂಲಿಕಾರರ ಮತ್ತು ಗೇಣಿದಾರರ ಕುಟುಂಬಗಳನ್ನೂ ಬಾಧಿತ ಕುಟುಂಬಗಳೆಂದೇ ಎಣಿಸುತ್ತದೆ. ಗುತ್ತಿಗೆಯಲ್ಲಿ ಸ್ವಾಧೀನವೇ ಇಲ್ಲವಾದ್ದರಿಂದ ಈ ಎಣಿಕೆಯೂ ಇಲ್ಲ. ವ್ಯವಹಾರವೆಲ್ಲ ಪಹಣಿಯಲ್ಲಿ ಹೆಸರಿರುವವರೊಂದಿಗೆ ಮುಗಿದುಹೋಗುತ್ತದೆ.

ಸೌರ ವಿದ್ಯುತ್ ಬೇಕು, ಅದಕ್ಕೆ ಜಾಗವೂ ಬೇಕು. ಪಾವಗಡದ ಲೆಕ್ಕದಲ್ಲೇ ಒಂದು ಮೆಗಾವಾಟ್‌ಗೆ ಆರು ಎಕರೆಗೂ ಹೆಚ್ಚು ಹಿಡಿಯುತ್ತದೆ. ಬೇಸಾಯ, ಮೇವು, ವಿದ್ಯುತ್, ಊರಿನ ಬೆಳವಣಿಗೆ ಎಲ್ಲವೂ ಇದೇ ನೆಲವನ್ನು ಕೇಳುತ್ತಿರುವಾಗ ಯಾವುದಕ್ಕೆ ಎಲ್ಲಿ ಎಂಬುದನ್ನು ಯೋಜನೆ ಬಂದ ಮೇಲಲ್ಲ, ಬರುವ ಮುನ್ನ ತೀರ್ಮಾನಿಸಬೇಕು. ನಮ್ಮಲ್ಲಿ ಭೂಬಳಕೆಯ ಮಹಾಯೋಜನೆಗಳು (ಮಾಸ್ಟರ್ ಪ್ಲಾನ್) ಬಹುಮಟ್ಟಿಗೆ ಪಟ್ಟಣದ ಸುತ್ತಲೇ ನಿಲ್ಲುತ್ತವೆ. ಸಂವಿಧಾನದ 243 ಝಡ್‌ಡಿ ವಿಧಿಯ ಪ್ರಕಾರ ಭೂಬಳಕೆ, ನೀರು ಮತ್ತಿತರ ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆಯನ್ನು ಗಮನದಲ್ಲಿಟ್ಟು ಇಡೀ ಜಿಲ್ಲೆಗೆ ಕರಡು ಯೋಜನೆ ರೂಪಿಸಬೇಕಾದದ್ದು ಜಿಲ್ಲಾ ಯೋಜನಾ ಸಮಿತಿ. (ಅಂಥದ್ದೊಂದು ಸಮಿತಿ ಇದೆಯೆಂಬುದೇ ಬಹಳಷ್ಟು ಜನರಿಗೆ ಗೊತ್ತಿಲ್ಲ.)

ಆದ್ದರಿಂದ ಇನ್ನು ಮುಂದೆ ಎಲ್ಲೇ ಇಂಥ ಪಾರ್ಕ್ ಮಾಡುವುದಿದ್ದರೂ ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು ಆ ಗ್ರಾಮಗಳ ಕೂಲಿ ಮತ್ತು ಕುರಿಗಾಹಿ ಕುಟುಂಬಗಳ ಪಟ್ಟಿ ಗ್ರಾಮಸಭೆಯಲ್ಲಿ ಸಿದ್ಧವಾಗಲಿ. ಗೋಮಾಳ ಮತ್ತು ನಕಾಶೆಯಲ್ಲಿರುವ ಬಂಡಿದಾರಿಗಳನ್ನು ಬೇಲಿಯಿಂದ ಹೊರಗಿಡಲಿ. ವಿದ್ಯುತ್ ಮಾರಾಟದ ಆದಾಯದಲ್ಲಿ ಒಂದು ಪಾಲು ಈ ಕುಟುಂಬಗಳಿಗೆ ವರ್ಷವರ್ಷ ಸಲ್ಲುವಂತೆ ಕರಾರಿನಲ್ಲೇ ಬರೆಯಲಿ. ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯನ್ನು ಕರಾರಿಗೆ ಸೇರಿಸಲು ಸಾಧ್ಯವಾದ ಸರ್ಕಾರಕ್ಕೆ ಇದು ಕಷ್ಟವಾಗಲಾರದು.

ಇಂತಿ,
ಓರ್ವ ಓದುಗ, ತುಮಕೂರು ಜಿಲ್ಲೆ