ಗಾಯ ಮಾಯುವ ಮುನ್ನ: ಮಗಳಿಗೊಂದು ಪತ್ರ

ಕೊಪ್ಪಳ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ನಿನಗೆ ತುರ್ತು ವಿಭಾಗದ ಪಾಳಿ ಬಿದ್ದಿದೆಯೆಂದೂ, ಪೊಲೀಸರು ಕರೆತಂದವರ ಗಾಯದ ಪ್ರಮಾಣಪತ್ರ ಬರೆಯುವಾಗ ಕೈ ತಡವರಿಸುತ್ತದೆಯೆಂದೂ ನಿಮ್ಮವ್ವನಿಗೆ ಹೇಳಿದೆಯಂತೆ. ತಡವರಿಸುವುದು ಒಳ್ಳೆಯದೇ. ಅಂಥ ಹಾಳೆಗಳನ್ನು ನ್ಯಾಯಾಲಯದಲ್ಲಿ ಓದುತ್ತಲೇ ವಕೀಲಿಕೆ ಮಾಡಿದವನು ನಾನು.

ಬದುವಿನ ಜಗಳದಲ್ಲಿ ಕುಡುಗೋಲಿನ ಏಟು ತಿಂದ ರೈತನೊಬ್ಬನ ಪ್ರಕರಣ ನನ್ನ ಬಳಿ ಬಂದಿತ್ತು. ಅವನ ಅಂಗೈಗೆ ಮೂರು ಹೊಲಿಗೆ ಹಾಕಿದವರು, ಬೆರಳು ಮಡಚಿಸಿ ನೋಡದೆಯೇ, 'ಸಾದಾ ಗಾಯ' ಎಂದು ಬರೆದು ಕಳುಹಿಸಿದ್ದರು. ಗಾಯ ಚೆನ್ನಾಗಿಯೇ ಮಾಯಿತು. ಆದರೆ ಒಳಗೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ತುಂಡಾಗಿದ್ದರಿಂದ ಹೆಬ್ಬೆರಳು ಮತ್ತೆ ಮಡಚಲಿಲ್ಲ. ಕೀಲಿನ ಶಕ್ತಿ ಶಾಶ್ವತವಾಗಿ ಕುಂದಿದರೆ ಕಾನೂನಿನ ಕಣ್ಣಲ್ಲಿ ಅದು ಭಾರಿ ಗಾಯ. ಆದರೆ ಅವನು ಸಾಕ್ಷಿ ಹೇಳಲು ನಿಂತ ದಿನ ಅಂಗೈಯಲ್ಲಿ ಉಳಿದಿದ್ದುದು ಒಂದು ಬಿಳಿ ಗೆರೆ. ಕಾಗದದಲ್ಲಿ ಆಳದ ಅಳತೆಯೇ ಇರಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ದೇಹ ತನ್ನ ಮೇಲಾದುದರ ಗುರುತನ್ನು ತಾನೇ ಅಳಿಸುತ್ತ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿ, ಮೊದಲ ಎರಡು ಮೂರು ದಿನ ಊದಿ, ಬಳಿಕ ಕೆಂಪು ಎಳೆಮಾಂಸ ತುಂಬಿಕೊಂಡು, ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಳ್ಳುತ್ತವೆ; ತಿಂಗಳುಗಟ್ಟಲೆ ಬಲಿತರೂ ಕಲೆಯ ಚರ್ಮಕ್ಕೆ ಮೊದಲಿನ ಬಲದ ಸುಮಾರು 80 ಪ್ರತಿಶತಕ್ಕಿಂತ ಹೆಚ್ಚು ಬರುವುದಿಲ್ಲ. ಒಳಪೆಟ್ಟಿನ ಕಲೆಯಂತೂ ನೀಲಿಗಟ್ಟಿ, ಹಸಿರಾಗಿ, ಹಳದಿಗೆ ತಿರುಗಿ, ಎರಡು ವಾರಗಳಲ್ಲಿ ಬಹುಮಟ್ಟಿಗೆ ಮರೆಯಾಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಎಂಟು ಬಗೆಯ ಭಾರಿ ಗಾಯಗಳನ್ನು ಹೇಳುತ್ತದೆ. ಕಿರುಬೆರಳಿನ ಮೂಳೆ ಮುರಿದರೂ ಅದು ಭಾರಿಯೇ. ಸಾದಾ ಗಾಯಕ್ಕೆ ಒಂದು ವರ್ಷದವರೆಗಿನ ಶಿಕ್ಷೆಯಾದರೆ, ಇದಕ್ಕೆ ಏಳು ವರ್ಷದವರೆಗೆ. ತೀವ್ರ ನೋವಿನಲ್ಲಿ ನರಳಿದರೆ ಇಲ್ಲವೇ ನಿತ್ಯದ ಕೆಲಸ ಮಾಡಲಾಗದಿದ್ದರೆ ಗಾಯವನ್ನು ಭಾರಿ ಎನ್ನಲು ಹಳೆಯ ದಂಡ ಸಂಹಿತೆಯಲ್ಲಿದ್ದ 20 ದಿನಗಳ ಅವಧಿ ಈಗ 15ಕ್ಕೆ ಇಳಿದಿದೆ. ಆದರೆ ಆಸ್ಪತ್ರೆಯಲ್ಲಿ ಅಷ್ಟು ದಿನ ಮಲಗಿದ್ದ ಮಾತ್ರಕ್ಕೆ ಗಾಯ ಭಾರಿಯಾಗದು. ತೀವ್ರ ನೋವು ಅಷ್ಟೂ ದಿನ ಇತ್ತೇ, ನಿತ್ಯದ ಕೆಲಸ ತಪ್ಪಿತೇ ಎಂಬುದು ತಿಳಿಯಬೇಕು. ಗಂಗಾವತಿಯ ಕಡೆ ಭತ್ತದ ನಾಟಿ ಹಚ್ಚುವ ಹೆಣ್ಣುಮಗಳಿಗೆ ಬೆರಳೇ ಬದುಕು ಎಂಬುದನ್ನು ಮರೆಯಬೇಡ.

ಇನ್ನೊಂದು ಮಾತು. ಬಡಿಗೆಯ ಏಟಿಗೆ ಹಣೆ ಸೀಳಿದರೆ ಅದು ಕೊಯ್ದ ಗಾಯದಂತೆಯೇ ಕಾಣುತ್ತದೆ. ಅಂಚು ಜಜ್ಜಿದೆಯೇ, ಒಳಗೆ ಹರಿಯದ ಎಳೆಗಳು ಉಳಿದಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡು. ಯಾವ ಆಯುಧ ಎಂಬ ಪ್ರಶ್ನೆ ಅಲ್ಲಿಯೇ ನಿಂತಿದೆ.

ಉದ್ದ, ಅಗಲ, ಆಳ ಮೂರನ್ನೂ ಹೊಲಿಗೆಗೆ ಮೊದಲೇ ಬರೆದುಕೋ. ಎಕ್ಸ್‌ರೇ ಕೈಸೇರುವವರೆಗೆ ಅಭಿಪ್ರಾಯ ಕಾಯ್ದಿರಿಸಿದೆ ಎಂದು ನಮೂದಿಸು. ಹೊರಗೆ ಕಾಯುತ್ತಿರುವ ಪೇದೆ ಎಷ್ಟೇ ಅವಸರಪಡಿಸಲಿ, ಗಾಯಾಳು ಹತ್ತೂ ಬೆರಳು ಮಡಚಿ ತೋರಿಸುವ ತನಕ ಸಹಿ ಹಾಕಬೇಡ, ತಾಯಿ.

ನಿನ್ನ ಅಪ್ಪ