ನಲ್ಲಿ ನೀರಿನ ಗಡಸುತನವನ್ನು ಟ್ಯಾಂಕಿನ ಮೇಲೆ ಬರೆಸಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ನೀರಿನ ವಿಚಾರ ಬಂದರೆ ಮಾತೆಲ್ಲ ಮಳೆಗಾಲದ ಪ್ರವಾಹ, ಭೂಕುಸಿತ, ಇಲ್ಲವೇ ಬೇಸಿಗೆಯ ಅಭಾವದ ಸುತ್ತಲೇ ಇರುತ್ತದೆ. ನಲ್ಲಿಯಲ್ಲಿ ಬರುವ ನೀರು ಎಂಥದ್ದು ಎಂದು ವಿಚಾರಿಸುವವರು ವಿರಳ. ಹೊಳೆ, ತೋಡು, ತೆರೆದ ಬಾವಿಗಳ ಸಿಹಿನೀರಿಗೆ ಒಗ್ಗಿಹೋದ ನಮಗೆ ಹಾಗೆ ವಿಚಾರಿಸುವ ಅಗತ್ಯವೇ ಬಿದ್ದಿರಲಿಲ್ಲ. ಆದರೆ ಜಿಲ್ಲೆಯ ಪೂರ್ವ ಭಾಗದಲ್ಲಿ, ಕುಶಾಲನಗರದ ಸುತ್ತಮುತ್ತಲಿನ ನಮ್ಮಂಥ ಬಡಾವಣೆಗಳಲ್ಲಿ, ಕೊಳವೆಬಾವಿಯ ನೀರನ್ನೇ ಟ್ಯಾಂಕಿಗೆ ಏರಿಸಿ ಮನೆಮನೆಗೆ ಬಿಡಲು ಆರಂಭಿಸಿದ ಮೇಲೆ ಪರಿಸ್ಥಿತಿ ಬದಲಾಗಿದೆ. ನಮ್ಮ ನಲ್ಲಿ ನೀರನ್ನು ಪರೀಕ್ಷೆ ಮಾಡಿಸಿದಾಗ ಅದರ ಗಡಸುತನವು, ಅಂದರೆ ಕರಗಿರುವ ಸುಣ್ಣದಂಥ ಖನಿಜಗಳ ಪ್ರಮಾಣವು, ಅಪೇಕ್ಷಿತ ಮಿತಿಯನ್ನು ದಾಟಿರುವುದು ತಿಳಿಯಿತು. ಅಷ್ಟು ಹೊತ್ತಿಗೆ ಗೀಸರಿನ ಕಾಯಿಲ್ ಸುಟ್ಟುಹೋಗಿ ಹೊಸದನ್ನು ಹಾಕಿಸಿಯಾಗಿತ್ತು.

ಮುಂದೆ ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕು. ನನ್ನ ಮಗಳ ಸಂಸಾರ ಅಲ್ಲಿ ವರ್ತೂರು ಕೆರೆಯ ಸಮೀಪದಲ್ಲಿದೆ. ಬಾಲ್ಕನಿಯಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರ ಕೆರೆ; ಅಡುಗೆಮನೆಯ ನಲ್ಲಿಯಲ್ಲಿ ಮಾತ್ರ ನೂರಾರು ಅಡಿ ಆಳದ ಕೊಳವೆಬಾವಿಯ ನೀರು, ಅದು ಸಾಲದಾದಾಗ ಟ್ಯಾಂಕರಿನ ನೀರು. ಕೆರೆಗಳನ್ನೇ ನಂಬಿ ಬೆಳೆದ ಊರು ಅದು. 1974ರಲ್ಲಿ ಕಾವೇರಿ ನೀರು ಬಂದ ಮೇಲೆ ಹಳೆಯ ಬಡಾವಣೆಗಳಿಗೆ ಮೆದು ನೀರು ಸಿಕ್ಕಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಕೊಡುವ ಐದನೇ ಹಂತದ ಯೋಜನೆಗೆ ಚಾಲನೆ ದೊರೆತದ್ದು 2024ರ ಅಕ್ಟೋಬರ್‌ನಲ್ಲಿ. ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಎತ್ತಿ ತಂದು ಅಲ್ಲಿ ಬೇಳೆ ಬೇಯಿಸುತ್ತಿರುವಾಗ, ಕಾವೇರಿಯ ದಂಡೆಯಲ್ಲೇ ಇರುವ ನಾವು ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಯಲಿಲ್ಲವೆಂದು ಕುಕ್ಕರನ್ನು ಮತ್ತೆ ಒಲೆಗೇರಿಸುತ್ತಿದ್ದೇವೆ.

ಗಡಸುತನಕ್ಕೆ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮಣ್ಣಿನಲ್ಲಿ ಇಂಗುವ ಮಳೆನೀರು ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಸೇರಿಸಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ಅದು ಎಷ್ಟು ಕಾಲ ತಂಗುತ್ತದೋ ಅಷ್ಟೂ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಭಾಗಮಂಡಲ, ಮಡಿಕೇರಿಯ ಕಡೆ ಸುರಿಯುವ ಮಳೆಗೆ ಮಣ್ಣಿನ ಖನಿಜಗಳು ತೊಳೆದುಹೋಗುತ್ತವೆ, ನೀರೂ ಬೇಗ ಹೊಳೆ ಸೇರುತ್ತದೆ. ಮಳೆ ಕಡಿಮೆಯಾಗುತ್ತಾ ಮೈಸೂರಿನ ಬಯಲಿಗೆ ಹತ್ತಿರವಾಗುವ ಹೆಬ್ಬಾಲೆ, ಶನಿವಾರಸಂತೆಯಂಥ ಕಡೆಗಳಲ್ಲಿ ಆ ಅನುಕೂಲವಿಲ್ಲ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಮೇಲೆ ಬರುವುದು ಹೆಚ್ಚು ಕಾಲ ಕಲ್ಲಿನೊಳಗೆ ನಿಂತ ನೀರೇ ಆಗಿರುವ ಸಂಭವ ಹೆಚ್ಚು.

ಮನೆಯಲ್ಲಿ ಇದರ ಪರಿಣಾಮ ಮೊದಲು ಕಾಣುವುದು ಹೆಂಗಸರ ಕಣ್ಣಿಗೆ. ಸಾಬೂನು ನೊರೆ ಕಟ್ಟುವ ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಒಡೆದ ಹಾಲಿನಂತೆ ಗರಣೆಗಟ್ಟುತ್ತದೆ. ಆ ಗರಣೆಯೇ ಬಕೆಟಿನ ಅಂಚಿಗೆ, ಬಟ್ಟೆಯ ಎಳೆಗೆ, ತಲೆಗೂದಲಿಗೆ ಅಂಟಿಕೊಳ್ಳುತ್ತದೆ. ಬಿಳಿ ಅಂಗಿ ನಾಲ್ಕು ಒಗೆತಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ, ಟವೆಲು ಒರಟಾಗುತ್ತದೆ. ತೊಗರಿಬೇಳೆ, ಅಲಸಂದೆಕಾಳುಗಳ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಶವನ್ನು ಕ್ಯಾಲ್ಸಿಯಂ ಬಿಗಿಗೊಳಿಸುವುದರಿಂದ ಅವು ಬೇಯಲು ಹೆಚ್ಚು ಹೊತ್ತು ಬೇಕು, ಗ್ಯಾಸೂ ಹೆಚ್ಚು ಬೇಕು. ಕಾಫಿಯ ನಾಡಿನಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ: ಇಂಥ ನೀರಿನಲ್ಲಿರುವ ಬೈಕಾರ್ಬೊನೇಟ್ ಎಂಬ ಕ್ಷಾರೀಯ ಅಂಶ ಕಾಫಿಯ ಹದವಾದ ಹುಳಿಯನ್ನು ಕೊಂದುಬಿಡುತ್ತದೆ, ಸ್ವಂತ ತೋಟದ ಬೀಜವನ್ನು ಹುರಿದು ಪುಡಿ ಮಾಡಿದರೂ ಡಿಕಾಕ್ಷನ್ ಸಪ್ಪೆಯಾಗಿಯೇ ಇರುತ್ತದೆ.

ಹಣದ ಲೆಕ್ಕದಲ್ಲಿ ದೊಡ್ಡ ನಷ್ಟ ನೀರು ಕಾಯಿಸುವಲ್ಲಿ ಆಗುತ್ತದೆ. ಕಾದಾಗ ಬೈಕಾರ್ಬೊನೇಟ್ ಒಡೆದು ಸುಣ್ಣದ ಪದರವಾಗಿ ಕೂರುತ್ತದೆ. ರಿಪೇರಿಯವರು ನಮ್ಮ ಗೀಸರಿನಿಂದ ಹೊರತೆಗೆದ ಕಾಯಿಲ್‌ನ ಮೇಲೆ ಹೆಬ್ಬೆರಳಿನ ದಪ್ಪಕ್ಕೆ ಕೆನೆಬಣ್ಣದ ಹೊಪ್ಪಳೆ ಕಟ್ಟಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಚಕ್ಕೆಚಕ್ಕೆಯಾಗಿ ಉದುರಿತು, ತೊಟ್ಟಿಯ ತಳದಲ್ಲಿ ಅದೇ ಪುಡಿ ಮುಷ್ಟಿಗಟ್ಟಲೆ ಕೂತಿತ್ತು. ಶಾಖವು ಈ ಹೊಪ್ಪಳೆಯನ್ನು ದಾಟಿ ನೀರಿಗೆ ತಲುಪಬೇಕಾದ್ದರಿಂದ ವಿದ್ಯುತ್ ವ್ಯರ್ಥವಾಗುತ್ತದೆ, ಕಾಯಿಲ್ ತಾನೇ ಅತಿಯಾಗಿ ಕಾದು ಸುಡುತ್ತದೆ. ಸೋಲಾರ್ ಹೀಟರಿನ ಕೊಳವೆಗಳಿಗೂ ಬಚ್ಚಲಿನ ಹಂಡೆಗೂ ಇದೇ ಗತಿ. ಬಾಡಿಗೆ ಮನೆಯವರು, ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯವರು ಈ ಖರ್ಚನ್ನು ಹೇಗೆ ಭರಿಸಬೇಕು?

ಆರೋಗ್ಯದ ವಿಚಾರದಲ್ಲಿ ಇಲ್ಲದ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯದ ದೃಷ್ಟಿಯ ಮಿತಿಯನ್ನೇ ವಿಧಿಸಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ದೇಹಕ್ಕೆ ಬೇಕಾದವೇ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500, 2012ರ ಪರಿಷ್ಕರಣೆಯಲ್ಲಿ, ಅಪೇಕ್ಷಿತ ಮಿತಿಯನ್ನು ಲೀಟರಿಗೆ 200 ಮಿಲಿಗ್ರಾಂ ಎಂದೂ, ಬೇರೆ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಒಪ್ಪಬಹುದೆಂದೂ ಹೇಳಿದೆ. ಈ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದು. 550 ಇರುವ ನೀರನ್ನೂ ಕಾಗದದ ಮೇಲೆ ಯೋಗ್ಯವೆಂದು ಬರೆಯಬಹುದು, ಆ ನೀರಿನಲ್ಲಿ ಸಂಸಾರ ಮಾಡುವವರ ಪಾಡೇ ಬೇರೆ.

ಜನರಿಗೆ ಅಂಕಿ ತಿಳಿಯದಿರುವುದರಿಂದಲೇ ಮಾರಾಟಗಾರರಿಗೆ ಸುಗ್ಗಿ. ನಲ್ಲಿಯ ಮೇಲೆ ಬಿಳಿ ಕಲೆ ತೋರಿಸಿ, ಕುಡಿಯುವ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಶೋಧಿಸುವ ಆರ್‌ಒ ಯಂತ್ರ ಮಾರುತ್ತಾರೆ. ಸಾಮಾನ್ಯವಾಗಿ ಈ ಯಂತ್ರ ಒಂದು ಲೀಟರ್ ನೀರು ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುತ್ತದೆ; ಕರಗಿದ ಲವಣಗಳ ಪ್ರಮಾಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಇದರ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಅಲ್ಲದೆ ಅಡುಗೆಮನೆಯ ಆರ್‌ಒ ಗೀಸರನ್ನು ಉಳಿಸುವುದಿಲ್ಲ. ಇಡೀ ಮನೆಗೆ ಹಾಕುವ ಸಾಫ್ಟನರ್ ಯಂತ್ರವು ಕ್ಯಾಲ್ಸಿಯಂ ತೆಗೆದುಕೊಂಡು ಸೋಡಿಯಂ ಬಿಡುತ್ತದೆ; ಅದನ್ನು ಆಗಾಗ ಉಪ್ಪುನೀರಿನಲ್ಲಿ ತೊಳೆಯಬೇಕು. ಆ ಉಪ್ಪುನೀರು ಎಲ್ಲಿಗೆ ಹೋಗುತ್ತದೆ? ರೆಸಾರ್ಟು, ಹೋಂಸ್ಟೇಗಳು ಒಂದೊಂದಾಗಿ ಇದನ್ನು ಹಾಕಿಸಿಕೊಂಡು ತೊಳೆದ ನೀರನ್ನು ತೋಡಿಗೋ ಕಾಫಿಗಿಡದ ಬುಡಕ್ಕೋ ಬಿಟ್ಟರೆ ಮಣ್ಣು ಕೆಡುವುದು ಖಂಡಿತ. ಈ ಬಗ್ಗೆ ಈಗಲೇ ನಿಯಮ ಬೇಕು.

ನನ್ನ ಬೇಡಿಕೆಗೆ ಹೊಸ ಅನುದಾನವೇನೂ ಬೇಕಿಲ್ಲ. 2019ರಲ್ಲಿ ಆರಂಭವಾದ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಜಲ ಜೀವನ್ ಮಿಷನ್ ಅಡಿಯಲ್ಲಿ, ನೀರನ್ನು ಸ್ಥಳದಲ್ಲೇ ಪರೀಕ್ಷಿಸುವ ಕಿಟ್‌ಗಳನ್ನು ಪಂಚಾಯಿತಿಗಳಿಗೆ ಕೊಡುವ, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಇದೆ. ಗಡಸುತನದ ಪರೀಕ್ಷೆ ಬಹಳ ಸುಲಭ: ಬಣ್ಣದ ಪುಡಿ ಹಾಕಿದಾಗ ಕೆಂಪಾಗುವ ನೀರಿಗೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಅದು ನೀಲಿಗೆ ತಿರುಗುತ್ತದೆ, ಹನಿಗಳನ್ನು ಎಣಿಸಿದರೆ ಲೆಕ್ಕ ಸಿಗುತ್ತದೆ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯ ಕೊನೆಗೊಮ್ಮೆ ಈ ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ದಿನಾಂಕದೊಂದಿಗೆ ಓವರ್‌ಹೆಡ್ ಟ್ಯಾಂಕಿನ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಸಲಿ. ಪಟ್ಟಣಗಳಲ್ಲಿ ಸ್ಥಳೀಯ ಸಂಸ್ಥೆಗಳು ನೀರಿನ ಬಿಲ್ಲಿನಲ್ಲೇ ಮುದ್ರಿಸಲಿ. ನೀರು ಕೊಳವೆಬಾವಿಯದೋ ಹೊಳೆಯದೋ ಎಂಬುದೂ ಅದರಲ್ಲಿರಲಿ. ಅಂಕಿ ಗೊತ್ತಿದ್ದರೆ ಗೀಸರಿನ ಉಷ್ಣತೆಯನ್ನು 50–55 ಡಿಗ್ರಿಗೆ ಇಳಿಸಿ ಸುಣ್ಣ ಕಟ್ಟುವುದನ್ನು ತಗ್ಗಿಸಬಹುದು, ಪಾತ್ರೆಗಳ ಹೊಪ್ಪಳೆಯನ್ನು ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪಿನಲ್ಲಿ (ಸಿಟ್ರಿಕ್ ಆಮ್ಲ) ತೆಗೆಯಬಹುದು, ಯಂತ್ರ ಬೇಕೋ ಬೇಡವೋ ಎಂದು ಮನೆಯವರೇ ತೀರ್ಮಾನಿಸಬಹುದು.

ಇದರ ಜೊತೆಗೆ, ಗಡಸುತನ 200 ದಾಟಿದ ಕಡೆಗಳಲ್ಲಿ ಅಂಗನವಾಡಿ, ವಿದ್ಯಾರ್ಥಿನಿಲಯ ಹಾಗೂ ಲೈನ್ ಮನೆಗಳ ಮಾಡಿನ ಮಳೆನೀರನ್ನು ಹಿಡಿದಿಡುವ ತೊಟ್ಟಿಗಳಿಗೆ ಆದ್ಯತೆ ಕೊಡಬೇಕು. ಮಳೆನೀರಿನಲ್ಲಿ ಗಡಸುತನವೇ ಇರುವುದಿಲ್ಲ. ಒಗೆತಕ್ಕೆ, ಸ್ನಾನಕ್ಕೆ ಅದಕ್ಕಿಂತ ಒಳ್ಳೆಯ ನೀರು ಬೇರೆ ಸಿಗದು. ಜಿಲ್ಲಾಡಳಿತವು ಮೊದಲ ಸುತ್ತಿನ ಅಂಕಿಗಳನ್ನು ಬರುವ ಬೇಸಿಗೆಯೊಳಗೆ ಪ್ರಕಟಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

— ಓರ್ವ ಗೃಹಿಣಿ, ಕುಶಾಲನಗರ